ಮನೆಯ ಪ್ರಾಕ್ಸಿ ಸರ್ವರ್‌ನಲ್ಲಿ ಅನಪೇಕ್ಷಿತ ಅಂತರ್ಜಾಲ ತಾಣಗಳ ನಿರ್ಬಂಧ: ಶಿವಮೊಗ್ಗ ನಗರ ಮತ್ತು ಭದ್ರಾವತಿಯ ನಾಗರಿಕರ ಮಾಹಿತಿಗಾಗಿ

1. ಉದ್ದೇಶ

ಮಕ್ಕಳು ವ್ಯಾಸಂಗಕ್ಕಾಗಿ ಬಳಸುವ ಅಂತರ್ಜಾಲ ಸಂಪರ್ಕದಿಂದಲೇ ಕುಟುಂಬದ ಹಿರಿಯರು ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ ಮುಂತಾದ ಸೇವೆಗಳಿಗೆ ಅರ್ಜಿ ಸಲ್ಲಿಸುತ್ತಾರೆ. ನಿರ್ಬಂಧ ಸಡಿಲವಾದಲ್ಲಿ ಅಶ್ಲೀಲ ಹಾಗೂ ವಂಚಕ ತಾಣಗಳು ಮಕ್ಕಳನ್ನು ತಲುಪುತ್ತವೆ. ಅತಿಯಾದಲ್ಲಿ ಅರ್ಜಿಯ ಕೊನೆಯ ದಿನಾಂಕದಂದು ಸರ್ಕಾರಿ ತಾಣವೇ ತೆರೆಯದೆ ಹೋಗಬಹುದು. ಇವೆರಡನ್ನೂ ತಪ್ಪಿಸುವ ವಿಧಾನವನ್ನು ಈ ಕೆಳಗೆ ವಿವರಿಸಲಾಗಿದೆ.

2. ಪ್ರಾಕ್ಸಿ ಸರ್ವರ್ ಎಂದರೇನು?

ಮನೆಯ ಗಣಕಯಂತ್ರ ಹಾಗೂ ಮೊಬೈಲ್‌ಗಳ ಕೋರಿಕೆಗಳನ್ನು ಮೊದಲು ತಾನು ಪಡೆದು, ನಿಯಮಾನುಸಾರ ಅಂತರ್ಜಾಲಕ್ಕೆ ಕಳುಹಿಸುವ ಅಥವಾ ತಡೆಯುವ ಗಣಕಯಂತ್ರವೇ ಪ್ರಾಕ್ಸಿ ಸರ್ವರ್. ಲಿನಕ್ಸ್ ಅಳವಡಿಸಿದ ಹಳೆಯ ಗಣಕಯಂತ್ರವೊಂದು ಇದಕ್ಕೆ ಸಾಕು. ಸ್ಕ್ವಿಡ್ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. ಪೂರ್ವನಿಯೋಜಿತವಾಗಿ ಅದು 3128ನೇ ಪೋರ್ಟ್‌ನಲ್ಲಿ ಕಾರ್ಯನಿರ್ವಹಿಸುತ್ತದೆ.

3. ಅನುಸರಿಸಬೇಕಾದ ಕ್ರಮಗಳು

(ಅ) ಸರ್ವರ್‌ಗೆ ಮನೆಯ ಜಾಲದಲ್ಲಿ ಬದಲಾಗದ ವಿಳಾಸವನ್ನು ನೀಡತಕ್ಕದ್ದು.

(ಆ) ಮನೆಯ ಜಾಲದ ವಿಳಾಸಗಳಿಗೆ ಮಾತ್ರ ಪ್ರವೇಶ ನೀಡಿ, ಉಳಿದೆಲ್ಲವನ್ನೂ ನಿರಾಕರಿಸತಕ್ಕದ್ದು. ರೂಟರ್‌ನಲ್ಲಿ ಈ ಪೋರ್ಟನ್ನು ಹೊರಗಿನವರಿಗೆ ತೆರೆಯಬಾರದು. ತೆರೆದಲ್ಲಿ ಅಪರಿಚಿತರು ಎಸಗುವ ಕೃತ್ಯಗಳ ಜಾಡು ಸಂಪರ್ಕದ ಮಾಲೀಕರ ಹೆಸರಿಗೇ ಬಂದು ನಿಲ್ಲುತ್ತದೆ.

(ಇ) ಅನುಮತಿ ಪಟ್ಟಿ ಮತ್ತು ನಿಷೇಧ ಪಟ್ಟಿಗಳನ್ನು ಪ್ರತ್ಯೇಕ ಕಡತಗಳಲ್ಲಿ ಸಿದ್ಧಪಡಿಸತಕ್ಕದ್ದು. ವರ್ಗವಾರು ನಿಷೇಧ ಪಟ್ಟಿಯನ್ನು ಫ್ರಾನ್ಸ್ ದೇಶದ ತುಲೂಸ್ ವಿಶ್ವವಿದ್ಯಾಲಯವು ಉಚಿತವಾಗಿ ಒದಗಿಸುತ್ತದೆ.

(ಈ) ಸ್ಕ್ವಿಡ್ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಮೊದಲು ಹೊಂದಿಕೆಯಾದ ನಿಯಮವೇ ಅಂತಿಮ. ಆದುದರಿಂದ ಅನುಮತಿ ಪಟ್ಟಿಯ ನಿಯಮವು ನಿಷೇಧ ಪಟ್ಟಿಯ ನಿಯಮಕ್ಕಿಂತ ಮೇಲಿರತಕ್ಕದ್ದು. ಅನುಮತಿಯನ್ನು ಮನೆಯ ಜಾಲಕ್ಕೆ ಸೀಮಿತಗೊಳಿಸಿಯೇ ಬರೆಯತಕ್ಕದ್ದು.

(ಉ) ಮನೆಯ ಸಾಧನಗಳಲ್ಲಿ ಪ್ರಾಕ್ಸಿ ವಿಳಾಸವನ್ನು ನಮೂದಿಸಿ, ಸಾಧ್ಯವಿದ್ದಲ್ಲಿ ರೂಟರ್‌ನಲ್ಲಿ 80 ಮತ್ತು 443ನೇ ಪೋರ್ಟ್‌ಗಳ ನೇರ ಸಂಪರ್ಕವನ್ನು ಸರ್ವರ್ ಹೊರತು ಉಳಿದವುಗಳಿಗೆ ತಡೆಯತಕ್ಕದ್ದು.

4. ಅನುಮತಿ ಪಟ್ಟಿಯಲ್ಲಿ ಇರಬೇಕಾದವು

ಸೇವಾಸಿಂಧು, ಭೂಮಿ ಹಾಗೂ ಕಾವೇರಿ ತಾಣಗಳು ಜಿಒವಿ ಡಾಟ್ ಐಎನ್ ಎಂಬ ವಿಳಾಸದಡಿ ಬರುತ್ತವೆ. ಈ ಹೆಸರಿನ ಮೊದಲು ಒಂದು ಚುಕ್ಕೆಯನ್ನು ಸೇರಿಸಿದಲ್ಲಿ ಅದರ ಎಲ್ಲ ಉಪತಾಣಗಳೂ ಒಳಗೊಳ್ಳುತ್ತವೆ. ಶಿವಮೊಗ್ಗ ಜಿಲ್ಲಾಡಳಿತದ ತಾಣಕ್ಕಾಗಿ ಎನ್‌ಐಸಿ ಡಾಟ್ ಐಎನ್, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ತಾಣಕ್ಕಾಗಿ ಎಸಿ ಡಾಟ್ ಐಎನ್ ಎಂಬುವನ್ನೂ ಸೇರಿಸತಕ್ಕದ್ದು.

ಶುಲ್ಕ ಪಾವತಿ ಮತ್ತು ಇ-ಸಹಿ ಪುಟಗಳು ಬಹುತೇಕ ಬೇರೆ ವಿಳಾಸಗಳಲ್ಲಿರುತ್ತವೆ. ಇವು ಮಧ್ಯದಲ್ಲಿ ತಡೆಗೊಂಡರೆ ಖಾತೆಯಿಂದ ಹಣ ಕಡಿತವಾಗಿಯೂ ಸ್ವೀಕೃತಿ ದೊರೆಯದಿರುವ ಸಂಭವವಿದೆ. ಅಂತಹ ಸಂದರ್ಭದಲ್ಲಿ ಕೂಡಲೇ ಎರಡನೆಯ ಬಾರಿ ಪಾವತಿಸದೆ, ಮೊದಲು ಅರ್ಜಿಯ ಸ್ಥಿತಿಯನ್ನು ಪರಿಶೀಲಿಸುವುದು. ಯಾವ ವಿಳಾಸವು ತಡೆಗೊಂಡಿದೆ ಎಂಬುದು ಸ್ಕ್ವಿಡ್‌ನ ದಾಖಲೆ ಕಡತದಲ್ಲಿ ‘ಡಿನೈಡ್’ ಎಂಬ ಪದದೊಂದಿಗೆ ನಮೂದಾಗಿರುತ್ತದೆ. ಅದನ್ನು ಅನುಮತಿ ಪಟ್ಟಿಗೆ ಸೇರಿಸಬಹುದು. ಈ ಪರೀಕ್ಷೆಯನ್ನು ಕೊನೆಯ ದಿನಾಂಕಕ್ಕೆ ಮುನ್ನವೇ ನಡೆಸುವುದು ಸೂಕ್ತ.

5. ಮಿತಿಗಳು

• ಇಂದಿನ ಬಹುತೇಕ ತಾಣಗಳು ಗೂಢಲಿಪೀಕರಣಗೊಂಡಿರುವುದರಿಂದ ಪ್ರಾಕ್ಸಿಗೆ ತಾಣದ ಹೆಸರು ಮಾತ್ರ ತಿಳಿಯುತ್ತದೆ. ಪುಟದ ಒಳಗಿನ ವಿಷಯ ತಿಳಿಯುವುದಿಲ್ಲ. ಗೂಢಲಿಪಿಯನ್ನು ಬಿಡಿಸುವ ವ್ಯವಸ್ಥೆಯನ್ನು ಮನೆಯಲ್ಲಿ ಅಳವಡಿಸುವುದು ಸೂಕ್ತವಲ್ಲ. ಬ್ಯಾಂಕಿನ ಗುಪ್ತಪದಗಳೂ ಅದರಿಂದ ಬಹಿರಂಗಗೊಳ್ಳಬಹುದು.

• ತಾಣದ ಹೆಸರಿನಲ್ಲಿರುವ ಪದಗಳನ್ನು ಆಧರಿಸಿದ ನಿಷೇಧವು ಸ್ತನ ಕ್ಯಾನ್ಸರ್, ತಾಯಿ-ಮಗುವಿನ ಆರೋಗ್ಯದಂತಹ ಉಪಯುಕ್ತ ಮಾಹಿತಿಯನ್ನೂ ತಡೆಯಬಹುದು.

• ಮೊಬೈಲ್ ಡೇಟಾ ಬಳಸುವ ಫೋನ್‌ಗೆ ಮನೆಯ ಪ್ರಾಕ್ಸಿ ಅನ್ವಯವಾಗುವುದಿಲ್ಲ.

• ಮಳೆಗಾಲದಲ್ಲಿ ವಿದ್ಯುತ್ ವ್ಯತ್ಯಯವಾದಾಗ ಸರ್ವರ್ ಸ್ಥಗಿತಗೊಂಡರೆ ಇಡೀ ಮನೆಯ ಅಂತರ್ಜಾಲ ನಿಲ್ಲುತ್ತದೆ. ವಿದ್ಯುತ್ ಮರಳಿದಾಗ ಗಣಕಯಂತ್ರವು ತಾನಾಗಿಯೇ ಚಾಲನೆಗೊಳ್ಳುವಂತೆ ಹೊಂದಿಸತಕ್ಕದ್ದು.

6. ಸರಳ ಪರ್ಯಾಯ

ಸರ್ವರ್ ನಿರ್ವಹಿಸಲು ಸಾಧ್ಯವಿಲ್ಲದವರು ರೂಟರ್‌ನ ಡಿಎನ್‌ಎಸ್ ವಿಳಾಸವನ್ನು 1.1.1.3 ಎಂದು ಬದಲಾಯಿಸಬಹುದು. ಕ್ಲೌಡ್‌ಫ್ಲೇರ್ ಸಂಸ್ಥೆಯು 2020ರಲ್ಲಿ ಆರಂಭಿಸಿದ ಈ ಉಚಿತ ಸೇವೆಯು ವಯಸ್ಕರ ತಾಣಗಳನ್ನೂ ಅಪಾಯಕಾರಿ ತಂತ್ರಾಂಶ ಹರಡುವ ತಾಣಗಳನ್ನೂ ತಡೆಯುತ್ತದೆ.

7. ದೂರು ಮತ್ತು ನೆರವು

ಮಕ್ಕಳ ಅಶ್ಲೀಲ ಚಿತ್ರಗಳ ಪ್ರಸಾರವು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಕಲಂ 67ಬಿ ಅಡಿ ಶಿಕ್ಷಾರ್ಹ ಅಪರಾಧವಾಗಿದೆ. ಈ ಬಗ್ಗೆ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಆನ್‌ಲೈನ್ ಹಣಕಾಸು ವಂಚನೆಗೆ 1930, ಸಂಕಷ್ಟದಲ್ಲಿರುವ ಮಕ್ಕಳ ನೆರವಿಗೆ 1098 ಸಂಖ್ಯೆಗೆ ಕರೆ ಮಾಡುವುದು.

ಮನೆಯಲ್ಲಿ ತಾಣವು ತೆರೆಯದಿದ್ದಲ್ಲಿ ಅರ್ಜಿಯನ್ನು ಮುಂದೂಡದೆ, ಶಿವಮೊಗ್ಗ ನಗರದ ನಿವಾಸಿಗಳು ಕರ್ನಾಟಕ ಒನ್ ಕೇಂದ್ರದಲ್ಲಿಯೂ, ಭದ್ರಾವತಿ ತಾಲ್ಲೂಕಿನ ಗ್ರಾಮಸ್ಥರು ಗ್ರಾಮ ಒನ್ ಕೇಂದ್ರ ಅಥವಾ ನಾಡಕಚೇರಿಯಲ್ಲಿಯೂ ಅಲ್ಲಿ ಲಭ್ಯವಿರುವ ಸೇವೆಗಳಿಗೆ ಅರ್ಜಿ ಸಲ್ಲಿಸಬಹುದಾಗಿದೆ.