ಹತ್ತಡಿ ಎತ್ತರದ ಒನ್ಸ್ ಮೋರ್

ಫೆಬ್ರವರಿ ಬಂತೆಂದರೆ ನಮ್ಮ ತುಮಕೂರಿನಲ್ಲಿ ಎರಡು ಬಗೆಯ ಕಾಯುವಿಕೆ ಶುರುವಾಗುತ್ತದೆ. ಒಂದು ಊರಿನದು. ಶಿವರಾತ್ರಿ ಹತ್ತಿರವಾದಂತೆ ಸಿದ್ಧಗಂಗೆಯ ಜಾತ್ರೆ, ಅಲ್ಲಿಗೆ ಬರುವ ಎತ್ತಿನ ಜೋಡಿಗಳು, ಅವುಗಳ ಹಲ್ಲು, ಸುಳಿ, ಬೆಲೆಯ ಮಾತು. ಇನ್ನೊಂದು ನಮ್ಮ ಮನೆಯದು. ಪಿಯುಸಿ ಓದುತ್ತಿರುವ ಅಕ್ಕನ ಮಗ ದಿನಕ್ಕೊಮ್ಮೆಯಾದರೂ ಕೇಳುತ್ತಾನೆ: "ಮಾಮ, ಈ ಸಲ ಡಂಕ್ ಕಾಂಟೆಸ್ಟಿಗೆ ಯಾರ್ಯಾರು ಬರ್ತಾರೆ ಗೊತ್ತಾ?"

ನನಗೆ ಗೊತ್ತಿರುವುದಿಲ್ಲ. ಅವನಿಗೆ ಗೊತ್ತಿರುತ್ತದೆ. ಅಮೆರಿಕದ ಎನ್‌ಬಿಎ ಲೀಗಿನವರು ವರ್ಷಕ್ಕೊಮ್ಮೆ ಆಲ್-ಸ್ಟಾರ್ ವಾರಾಂತ್ಯದಲ್ಲಿ ನಡೆಸುವ ಸ್ಲ್ಯಾಮ್ ಡಂಕ್ ಸ್ಪರ್ಧೆ ಅದು. ಅಲ್ಲಿ ಶನಿವಾರ ರಾತ್ರಿ, ನಮಗೆ ಭಾನುವಾರ ಬೆಳಿಗ್ಗೆ. ಎದುರಾಳಿ ತಂಡವಿಲ್ಲ, ತಡೆಯುವವರಿಲ್ಲ. ಒಬ್ಬ ಓಡಿ ಬಂದು, ಹಾರಿ, ಚೆಂಡನ್ನು ರಿಂಗಿನ ಮೇಲಿನಿಂದ ಕೈಯಾರೆ ಒಳಗೆ ತುರುಕುತ್ತಾನೆ. ಐವರು ತೀರ್ಪುಗಾರರು ಅಂಕ ಕೊಡುತ್ತಾರೆ. ಪಂದ್ಯದಲ್ಲಿ ಹಾಗೆ ಹಾಕಿದರೆ ಸಿಗುವುದು ಎರಡೇ ಅಂಕ, ಸುಮ್ಮನೆ ಕೆಳಗಿನಿಂದ ಎಸೆದರೂ ಎರಡೇ. ಹಾಗಿರುವಾಗ ಇದಕ್ಕಾಗಿ ಇಷ್ಟೊಂದು ಕಾಯುವುದೇಕೆ? ಈ ಪ್ರಶ್ನೆ ಹಿಡಿದು ಹೊರಟವನಿಗೆ ಉತ್ತರದ ಒಂದು ತುದಿ ಸಿಕ್ಕಿದ್ದು ಅಮೆರಿಕದಲ್ಲಿ, ಇನ್ನೊಂದು ತುದಿ ಇಲ್ಲಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಗುಬ್ಬಿಯಲ್ಲಿ.

ಮೊದಲು ರಿಂಗಿನ ಎತ್ತರದ ಕತೆ. 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಚಳಿಗಾಲದಲ್ಲಿ ಒಳಗೇ ಆಡಿಸಲು ಒಂದು ಆಟ ಹುಡುಕುತ್ತಿದ್ದರು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ವ್ಯಾಯಾಮಶಾಲೆಯ ಬಾಲ್ಕನಿಯ ಅಂಚಿಗೆ ಮೊಳೆ ಹೊಡೆಸಿದರು. ಆ ಅಂಚು ನೆಲದಿಂದ ಹತ್ತಡಿ ಎತ್ತರದಲ್ಲಿತ್ತು. ಅಷ್ಟೇ ಕಾರಣ. ಇವತ್ತಿಗೂ ಪ್ರಪಂಚದ ಎಲ್ಲ ಕೋರ್ಟುಗಳಲ್ಲೂ ರಿಂಗು ಅದೇ ಹತ್ತಡಿ, ಅಂದರೆ 3.05 ಮೀಟರ್. ವೈಎಂಸಿಎ ಮೂಲಕವೇ ಆಟ ಭಾರತಕ್ಕೂ ಬಂತು. 1934ರಲ್ಲಿ ದೆಹಲಿಯಲ್ಲಿ ಪುರುಷರ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆಯಿತು. ನಮ್ಮ ಜಿಲ್ಲೆಯ ಕಾಲೇಜು ಮೈದಾನಗಳ ಮೂಲೆಯಲ್ಲಿ ಬಲೆ ಹರಿದು ನಿಂತಿರುವ ಕಬ್ಬಿಣದ ಕಂಬಗಳ ಮೂಲವೂ ಆ ಬಾಲ್ಕನಿಯೇ.

ನೈಸ್ಮಿತ್ ಬುಟ್ಟಿಯನ್ನು ಅಷ್ಟು ಎತ್ತರಕ್ಕೆ ಏರಿಸಿದ್ದು ಕೈಗೆ ಎಟುಕದಿರಲಿ, ಗುರಿಯಿಟ್ಟು ಎಸೆಯಲಿ ಎಂದು. ಆದರೆ ಎಟುಕಿಸಿಕೊಳ್ಳುವವರು ಬಂದೇ ಬಂದರು. ದೊಡ್ಡವರಿಗೆ ಅದು ಹಿಡಿಸಲಿಲ್ಲ. ಇದು ಕೌಶಲವಲ್ಲ, ದೇಹದ ಜಂಬ ಎಂದರು. 1967ರಲ್ಲಿ ಅಮೆರಿಕದ ಕಾಲೇಜು ಕ್ರೀಡಾ ಮಂಡಳಿ ಡಂಕನ್ನೇ ನಿಷೇಧಿಸಿತು. ಗಾಯಗಳಾಗುತ್ತವೆ, ಸಲಕರಣೆ ಮುರಿಯುತ್ತದೆ ಎಂಬ ಕಾರಣ ಕೊಟ್ಟರು. ಆದರೆ ಏಳಡಿ ಮೀರಿದ ಲೂ ಆಲ್ಸಿಂಡರ್ ಎಂಬ ಕರಿಯ ಹುಡುಗ ಆ ವರ್ಷ ಕಾಲೇಜು ಆಟವನ್ನು ಅಲ್ಲಾಡಿಸಿಬಿಟ್ಟಿದ್ದ. ಜನ ಆ ನಿಯಮವನ್ನು ಅವನ ಹೆಸರಿನಲ್ಲೇ ಕರೆದರು. ಆತನೇ ಮುಂದೆ ಕರೀಂ ಅಬ್ದುಲ್-ಜಬ್ಬಾರ್ ಎಂದು ಹೆಸರಾದ. ನಿಷೇಧ ತೆರವಾಗಿದ್ದು 1976ರಲ್ಲಿ.

ಅದೇ ವರ್ಷ ಮೊದಲ ಡಂಕ್ ಸ್ಪರ್ಧೆಯೂ ನಡೆಯಿತು. ನಡೆಸಿದ್ದು ಎನ್‌ಬಿಎ ಅಲ್ಲ, ಅದಕ್ಕೆ ಪೈಪೋಟಿಯಾಗಿ 1967ರಲ್ಲಿ ಹುಟ್ಟಿದ್ದ ಎಬಿಎ. ಕೆಂಪು, ಬಿಳಿ, ನೀಲಿ ಬಣ್ಣದ ಚೆಂಡಿನಿಂದ ಆಡುತ್ತಿದ್ದ ಈ ಲೀಗು ಆ ಹೊತ್ತಿಗೆ ಸೋತು ಸುಣ್ಣವಾಗಿತ್ತು. ಉಳಿದಿದ್ದು ಏಳೇ ತಂಡ. ಆಲ್-ಸ್ಟಾರ್ ಪಂದ್ಯಕ್ಕೆ ಎರಡು ಬಣ ಮಾಡುವಷ್ಟೂ ಗತಿಯಿಲ್ಲದೆ, ಡೆನ್ವರ್ ತಂಡ ಒಂದು ಕಡೆ, ಉಳಿದವರೆಲ್ಲ ಇನ್ನೊಂದು ಕಡೆ ಎಂದು ಆಡಿಸಿದರು. ಜನರನ್ನು ಕರೆತರಬೇಕಿತ್ತಲ್ಲ, ಅದಕ್ಕೆ ಮಧ್ಯಂತರದಲ್ಲಿ ಡಂಕ್ ಸ್ಪರ್ಧೆ ಇಟ್ಟರು. ಐದು ಮಂದಿ: ಜೂಲಿಯಸ್ ಎರ್ವಿಂಗ್, ಡೇವಿಡ್ ಥಾಂಪ್ಸನ್, ಜಾರ್ಜ್ ಗರ್ವಿನ್, ಆರ್ಟಿಸ್ ಗಿಲ್ಮೋರ್, ಲ್ಯಾರಿ ಕೀನನ್. ಬಹುಮಾನ ಸಾವಿರ ಡಾಲರ್ ಮತ್ತು ಒಂದು ಸ್ಟೀರಿಯೋ ಸೆಟ್ಟು. 'ಡಾಕ್ಟರ್ ಜೆ' ಎಂದು ಕರೆಸಿಕೊಳ್ಳುತ್ತಿದ್ದ ಎರ್ವಿಂಗ್ ದೂರದಿಂದ ಓಡಿ ಬಂದು, ಬೋರ್ಡಿನಿಂದ ಹದಿನೈದು ಅಡಿ ದೂರದ ಫ್ರೀ ಥ್ರೋ ಗೆರೆಯ ಹತ್ತಿರದಿಂದಲೇ ಹಾರಿ, ಚೆಂಡನ್ನು ಒಳಗಿಟ್ಟ. ಕೆಲವೇ ತಿಂಗಳಲ್ಲಿ ಎಬಿಎ ಮುಚ್ಚಿತು. ಅದರ ನಾಲ್ಕು ತಂಡಗಳನ್ನು ಎನ್‌ಬಿಎ ಸೇರಿಸಿಕೊಂಡಿತು.

ಇದನ್ನು ಓದುವಾಗ ನನಗೆ ನೆನಪಾಗಿದ್ದು ಗುಬ್ಬಿ ಕಂಪನಿ. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ನಾಡಿನುದ್ದಕ್ಕೂ ಮೆರೆಸಿದವರು ಗುಬ್ಬಿ ವೀರಣ್ಣನವರು. 1930ರ ದಶಕದಲ್ಲಿ ಸಿನಿಮಾ ಮಾತಾಡಲು ಕಲಿಯಿತು. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತೆರೆಗೆ ಬಂತು. ಅದೇ ದಶಕದಲ್ಲಿ ವೀರಣ್ಣನವರು 'ಕುರುಕ್ಷೇತ್ರ'ವನ್ನು ಬಯಲಲ್ಲಿ ಆಡಿಸಿ ನಿಜವಾದ ಆನೆ, ಕುದುರೆಗಳನ್ನೇ ತಂದು ನಿಲ್ಲಿಸಿದರು. ಪರದೆಯ ಮೇಲಿನ ಆನೆ ಉಸಿರಾಡುವುದಿಲ್ಲ, ಇಲ್ಲಿಯದು ಉಸಿರಾಡುತ್ತದೆ, ಬಂದು ನೋಡಿ ಎಂದು ಕರೆದ ಹಾಗಿತ್ತು ಅದು. ಬೇರೆ ಕಡೆ ಸಿಗದ್ದನ್ನು ಕಣ್ಣೆದುರು ಮಾಡಿ ತೋರಿಸುತ್ತೇನೆ ಎಂಬ ಆ ಛಲ ಮತ್ತು ಡೆನ್ವರಿನ ಡಂಕ್ ಒಂದೇ ಕುಲದವು.

ನನ್ನ ತಾತ ಗುಬ್ಬಿ ಸೀಮೆಯವರು. ಕಂಪನಿ ನಾಟಕದ ಬಗ್ಗೆ ಅವರು ಹೇಳುತ್ತಿದ್ದುದರಲ್ಲಿ ಕತೆ ಕಡಿಮೆ, ಕಾಯುವುದೇ ಹೆಚ್ಚು. 'ಸದಾರಮೆ'ಯ ಕತೆ ಎಲ್ಲರಿಗೂ ಬಾಯಿಪಾಠ. ಆದರೂ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದುದು ವೀರಣ್ಣನವರ ಕಳ್ಳನ ಪಾತ್ರ ಬರುವ ಗಳಿಗೆಗಾಗಿ. ಆ ಗಳಿಗೆ ಬಂದಾಗ ಕತೆ ನಿಂತರೂ ಯಾರಿಗೂ ಬೇಜಾರಿಲ್ಲ. ಹಾಡು ಚೆನ್ನಾಗಿ ಬಂದರೆ ಗ್ಯಾಲರಿಯಿಂದ "ಒನ್ಸ್ ಮೋರ್" ಕೂಗು. ಸತ್ತು ಬಿದ್ದ ಪಾತ್ರವೂ ಎದ್ದು ಕೂತು ಮತ್ತೊಮ್ಮೆ ಹಾಡಿ ಮತ್ತೆ ಸಾಯುತ್ತಿತ್ತಂತೆ. ವಿಮರ್ಶಕರು ಇದನ್ನು ಬೈದರು. ಕತೆಯ ಓಟಕ್ಕೆ ಅಡ್ಡಿ ಎಂದರು. ಡಂಕನ್ನು ಬೈದವರ ವಾದವೂ ಹೆಚ್ಚು ಕಡಿಮೆ ಅದೇ. ಆದರೆ ದುಡ್ಡು ಕೊಟ್ಟು ಚಾಪೆಯ ಮೇಲೆ ಕೂತವನಿಗೆ ಗೊತ್ತಿತ್ತು: ಕತೆ ನಾಳೆಯೂ ಇರುತ್ತದೆ, ಈ ಗಂಟಲು ನಾಳೆ ಹೀಗೆಯೇ ಇರುತ್ತದೆಂಬ ಖಾತ್ರಿಯಿಲ್ಲ.

ಮತ್ತೆ ಡಂಕಿಗೆ ಬರೋಣ. 1984ರಲ್ಲಿ ಎನ್‌ಬಿಎ ಆ ಸ್ಪರ್ಧೆಯನ್ನು ಮತ್ತೆ ಶುರು ಮಾಡಿತು, ಅದೂ ಡೆನ್ವರಿನಲ್ಲೇ. ಎಲ್ಲರ ಕಣ್ಣು ವಯಸ್ಸಾಗುತ್ತಿದ್ದ ಎರ್ವಿಂಗ್ ಮೇಲಿತ್ತು. ಗೆದ್ದವನು ಲ್ಯಾರಿ ನ್ಯಾನ್ಸ್. 1986ರಲ್ಲಿ ಸ್ಪಡ್ ವೆಬ್ ಎಂಬ ಐದಡಿ ಏಳಂಗುಲದ ಆಟಗಾರ, ತನ್ನದೇ ತಂಡದ ಹಾಗೂ ಹಿಂದಿನ ವರ್ಷದ ವಿಜೇತ ಡೊಮಿನಿಕ್ ವಿಲ್ಕಿನ್ಸ್‌ನನ್ನು ಸೋಲಿಸಿದ. ನಮ್ಮ ಬೀದಿಯಲ್ಲಿ ನಡೆದು ಹೋದರೆ ಯಾರೂ ತಿರುಗಿ ನೋಡದಷ್ಟು ಸಾಮಾನ್ಯ ಎತ್ತರ ಅದು. 1988ರಲ್ಲಿ ಷಿಕಾಗೋದಲ್ಲಿ ಮೈಕೆಲ್ ಜೋರ್ಡನ್ ಮತ್ತು ವಿಲ್ಕಿನ್ಸ್ ಎದುರುಬದುರಾದರು. 147–145ರಿಂದ ಜೋರ್ಡನ್ ಗೆದ್ದ. ಸ್ವಂತ ಊರಿನ ತೀರ್ಪು ಎಂಬ ಗೊಣಗಾಟ ಇಂದಿಗೂ ನಿಂತಿಲ್ಲ.

ಆಮೇಲೆ ಬೇಸರ ಬಂತು. 1998ರಲ್ಲಿ ಸ್ಪರ್ಧೆಯನ್ನೇ ಕೈಬಿಟ್ಟರು. 2000ದಲ್ಲಿ ಓಕ್ಲೆಂಡಿನಲ್ಲಿ ವಿನ್ಸ್ ಕಾರ್ಟರ್ ಬಂದು ಅದಕ್ಕೆ ಮತ್ತೆ ಜೀವ ಕೊಟ್ಟ. 2016ರಲ್ಲಿ ಟೊರೊಂಟೊದಲ್ಲಿ ಜ್ಯಾಕ್ ಲವೀನ್ ಮತ್ತು ಆರನ್ ಗಾರ್ಡನ್ ಪೂರ್ಣಾಂಕಕ್ಕೆ ಪೂರ್ಣಾಂಕ ಎಂದು ಜಿದ್ದಿಗೆ ಬಿದ್ದರು. ಗೆದ್ದಿದ್ದು ಲವೀನ್. ಗಾರ್ಡನ್ 2020ರಲ್ಲಿ ಏಳಡಿ ಐದಂಗುಲದ ಟ್ಯಾಕೊ ಫಾಲ್‌ನ ಮೇಲೆ ಹಾರಿಯೂ ಒಂದೇ ಅಂಕದಿಂದ ಸೋತ. ನನ್ನ ಸೋದರಳಿಯನಿಗೆ ಗೆದ್ದವರಿಗಿಂತ ಈ ಗಾರ್ಡನ್ ಹೆಚ್ಚು ಆಪ್ತ. ಕರ್ಣನ ಪಕ್ಷ ವಹಿಸುವ ಊರಿನವನಲ್ಲವೇ!

ಇಷ್ಟರ ನಡುವೆ ದೊಡ್ಡ ಹೆಸರುಗಳು ದೂರ ಸರಿದವು. ಲೆಬ್ರಾನ್ ಜೇಮ್ಸ್ ಒಮ್ಮೆಯೂ ಸ್ಪರ್ಧಿಸಲಿಲ್ಲ. ಗೆದ್ದರೆ ಹೊಸದಾಗಿ ಸಿಗುವುದು ಕಡಿಮೆ, ತಪ್ಪಿದರೆ ನಗೆಪಾಟಲು. ಹಾಗಾಗಿ ಪ್ರತಿ ವರ್ಷ ಪಟ್ಟಿ ಬಂದ ಕೂಡಲೇ ಒಂದೇ ಮಾತು: "ಇವರ್ಯಾರು?"

ಈ ಪಟ್ಟಿ ಓದುವ ಸುಖ ನಮಗೇನು ಹೊಸದಲ್ಲ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಇಂದಿಗೂ ಕುರುಕ್ಷೇತ್ರ ಆಡುತ್ತಾರೆ. ಪಾತ್ರಕ್ಕೆ ಇಂತಿಷ್ಟು ಎಂದು ಕೈಯಿಂದ ದುಡ್ಡು ಹಾಕಿ, ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಿಂಗಳುಗಟ್ಟಲೆ ಕಲಿತು, ಸೀನರಿಯವರನ್ನು ಗೊತ್ತು ಮಾಡಿ, ರಾತ್ರಿಯಿಡೀ ಆಡುತ್ತಾರೆ. ನಾಟಕಕ್ಕಿಂತ ಮೊದಲು ಬರುವುದು ಕರಪತ್ರ. ಅದರಲ್ಲಿ ಎಲ್ಲರ ಫೋಟೋ, ಹೆಸರು, ಪಾತ್ರ. ಟೀ ಅಂಗಡಿಯಲ್ಲಿ ಅದನ್ನು ಓದುವವರು ಮೊದಲು ನೋಡುವುದು ಕೃಷ್ಣ ಯಾರು, ದುರ್ಯೋಧನ ಯಾರು ಎಂದು. ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಪಾತ್ರ ಹಂಚಿರುತ್ತದೆ. "ಅವನಿಗೆ ಕಂದ ಏರಲ್ಲ ಬಿಡು" ಎಂದು ಒಬ್ಬರು, "ಹೋದ ಸಲ ನೋಡಿಲ್ವಾ, ಸುಮ್ನಿರು" ಎಂದು ಇನ್ನೊಬ್ಬರು. ನಾಟಕ ಆಗ ಅರ್ಧ ಶುರುವಾಗಿಬಿಟ್ಟಿರುತ್ತದೆ.

ಕುಣಿಗಲ್ ಕಡೆ ಹೋದರೆ ಇದೇ ವಿದ್ಯೆಗೆ ಇನ್ನೊಂದು ರೂಪ. ಟಿಪ್ಪುವಿನ ಕಾಲದಲ್ಲಿ ದಂಡಿಗೆ ಕುದುರೆ ಸಾಕಿದ ಜಾಗ ಅಲ್ಲಿನ ಸ್ಟಡ್ ಫಾರಂ. ಮುಂದೆ ಮೈಸೂರು ಸಂಸ್ಥಾನದ ಸೇನೆಯ ಕೈಗೆ, 1948ರಲ್ಲಿ ಪಶುಸಂಗೋಪನಾ ಇಲಾಖೆಗೆ ಬಂತು. 1992ರಲ್ಲಿ ಗುತ್ತಿಗೆಗೆ ಹೋಯಿತು. ಅಲ್ಲಿ ಹುಟ್ಟುವ ಮರಿಗಳು ಓಡುವುದು ಬೇರೆ ಊರಿನ ರೇಸ್ ಕೋರ್ಸುಗಳಲ್ಲಿ. ಕುಣಿಗಲ್ಲಿನ ನಮ್ಮ ಚಿಕ್ಕಪ್ಪನಿಗೆ ರೇಸಿನ ಹುಚ್ಚಿಲ್ಲ, ಆದರೆ ಬೇಲಿಯಾಚೆ ಮರಿ ಓಡುವುದನ್ನು ನಿಂತು ನೋಡುವ ಚಾಳಿ ಇದೆ. "ತಾಯಿ ಯಾವುದು, ತಂದೆ ಯಾವುದು ಎಲ್ಲ ಬರೆದಿಟ್ಟಿರ್ತಾರೆ ಕಣಪ್ಪ. ಆದ್ರೂ ಗೇಟು ತೆಗೆಯೋ ತನಕ ಯಾರಿಗೂ ಏನೂ ಗೊತ್ತಿರಲ್ಲ" ಎನ್ನುತ್ತಾರೆ. ಪಟ್ಟಿಯ ವಿದ್ಯೆಯೆಲ್ಲ ಗೇಟಿನವರೆಗೆ ಮಾತ್ರ.

2023ರಲ್ಲಿ ಆದದ್ದು ಅದೇ. ಆ ವರ್ಷದ ಪಟ್ಟಿಯಲ್ಲಿ ಮ್ಯಾಕ್ ಮೆಕ್‌ಕ್ಲಂಗ್ ಎಂಬ ಹೆಸರಿತ್ತು. ವರ್ಜೀನಿಯಾದ ಗೇಟ್ ಸಿಟಿ ಎಂಬ ಪುಟ್ಟ ಊರಿನವನು, ಎತ್ತರ ಆರಡಿ ಎರಡಂಗುಲ. ಅದುವರೆಗೆ ಎನ್‌ಬಿಎಯಲ್ಲಿ ಆಡಿದ್ದು ಎರಡೇ ಪಂದ್ಯ. ಉಳಿದ ದಿನವೆಲ್ಲ ಅದರ ಕೆಳಗಿನ ಜಿ ಲೀಗಿನಲ್ಲಿ. ಸಾಲ್ಟ್ ಲೇಕ್ ಸಿಟಿಯಲ್ಲಿ ಆ ರಾತ್ರಿ ಅವನು ಗೆದ್ದ. 2024ರಲ್ಲಿ ಮತ್ತೆ ಗೆದ್ದ, 2025ರಲ್ಲಿ ಮತ್ತೆ. ಸತತ ಮೂರು ವರ್ಷ ಗೆದ್ದವರು ಅವನಿಗೆ ಮೊದಲು ಯಾರೂ ಇರಲಿಲ್ಲ. ಅಷ್ಟಾದರೂ ದೊಡ್ಡ ಲೀಗಿನ ತಂಡದಲ್ಲಿ ಅವನಿಗೆ ಗಟ್ಟಿ ಜಾಗ ಸಿಗಲಿಲ್ಲ. ಸ್ಪರ್ಧೆ ಅವನನ್ನು ಒಂದು ರಾತ್ರಿಯ ದೊರೆ ಮಾಡಿ ಮತ್ತೆ ಬಸ್ಸು ಹತ್ತಿಸಿತು.

ಇದನ್ನು ಓದಿದಾಗ ನನಗೆ ಕೊಂಚ ನೋವಾಯಿತು. ಹಳ್ಳಿಯ ಕುರುಕ್ಷೇತ್ರದ ದುರ್ಯೋಧನನೂ ಬೆಳಿಗ್ಗೆ ಕಿರೀಟ ಬಿಚ್ಚಿ, ಮುಖದ ಬಣ್ಣ ಪೂರ್ತಿ ಹೋಗುವ ಮೊದಲೇ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋಗುತ್ತಾನೆ. ಅವನಿಗೆ ಅದರಲ್ಲಿ ಅವಮಾನವೇನೂ ಇಲ್ಲ. ಯಾಕೆಂದರೆ ಊರಿಗೆ ನೆನಪಿರುತ್ತದೆ. ಹತ್ತು ವರ್ಷವಾದ ಮೇಲೂ "ಆ ವರ್ಷದ ದುರ್ಯೋಧನ" ಎಂದೇ ಅವನನ್ನು ತೋರಿಸುತ್ತಾರೆ.

ಈಗಿನ ಆತಂಕ ಆ ನೆನಪಿನ ಬಗ್ಗೆಯೇ. ಕಾಯದೆ ನೋಡಿದ್ದು ನೆನಪಿನಲ್ಲಿ ಉಳಿಯುತ್ತದೆಯೇ? ಡಂಕ್ ಆದ ನಿಮಿಷದೊಳಗೆ ಹದಿನೈದು ಸೆಕೆಂಡಿನ ತುಣುಕು ಮೊಬೈಲಿಗೆ ಬಂದಿರುತ್ತದೆ. ಓಟಕ್ಕೆ ಮುಂಚಿನ ಮೌನ, ಎರಡು ಸಲ ತಪ್ಪಿದ್ದು, ಬೆವರು ಒರೆಸಿಕೊಂಡಿದ್ದು ಯಾವುದೂ ಅದರಲ್ಲಿರುವುದಿಲ್ಲ. ಹಾಗೆಂದು ಮೊಬೈಲನ್ನೇ ಬೈಯುವಂತಿಲ್ಲ. ಮೆಕ್‌ಕ್ಲಂಗ್ ಹೈಸ್ಕೂಲಿನಲ್ಲಿದ್ದಾಗಲೇ ಹೆಸರಾದದ್ದು ಅಂಥ ತುಣುಕುಗಳಿಂದ. ಸಿನಿಮಾ ಕಂಪನಿ ನಾಟಕಗಳ ಟೆಂಟು ಖಾಲಿ ಮಾಡಿತು, ನಿಜ. ಆದರೆ ವೀರಣ್ಣನವರು ತಾವೇ ಸಿನಿಮಾ ತೆಗೆದರು. ಗುಬ್ಬಿ ಕಂಪನಿಯ ನೆರಳಲ್ಲಿ ಬೆಳೆದ ಹುಡುಗನೊಬ್ಬ 1954ರಲ್ಲಿ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಆದ. ನಮ್ಮ ತಿಪಟೂರಿನ ನರಸಿಂಹರಾಜು ಅವರನ್ನು ನಾಡು ಗುರುತಿಸಿದ್ದೂ ಅದೇ ಚಿತ್ರದಿಂದ. ಒಂದು ಆಟ ಮುಗಿಯುವಾಗ ತನ್ನ ಮಕ್ಕಳನ್ನು ಮುಂದಿನ ಆಟಕ್ಕೆ ಒಪ್ಪಿಸಿ ಹೋಗುತ್ತದೆ. ಎಬಿಎ ಮುಚ್ಚಿತು, ಅದು ಹುಟ್ಟಿಸಿದ ಸ್ಪರ್ಧೆ ಉಳಿಯಿತು.

ಈ ವಾರ ಪಟ್ಟಿ ಬಂದಿದೆ. ನಾಲ್ಕು ಹೆಸರು, ಒಂದೂ ನಾನು ಕೇಳಿದ್ದಲ್ಲ. ಹುಡುಗ ಒಬ್ಬೊಬ್ಬರ ಜಾತಕ ಒಪ್ಪಿಸಿದ್ದಾನೆ. ಸಂಜೆ ಅವನ ಜೊತೆ ಕಾಲೇಜಿನ ಕೋರ್ಟಿಗೆ ಹೋಗಿದ್ದೆ. ಅವನ ಎತ್ತರ ಐದಡಿ ಎಂಟಂಗುಲ. ಗೆರೆಯಿಂದ ಓಡಿ ಬಂದು ಹಾರುತ್ತಾನೆ. ಬೆರಳು ಬಲೆಗೆ ತಾಗುತ್ತದೆ, ರಿಂಗಿಗೆ ಇನ್ನೂ ಒಂದು ಗೇಣು. ಸ್ಪಡ್ ವೆಬ್ ಇವನಿಗಿಂತ ಒಂದಂಗುಲ ಕುಳ್ಳ ಎಂಬುದು ಇಬ್ಬರಿಗೂ ಗೊತ್ತು, ಇಬ್ಬರೂ ಹೇಳಲಿಲ್ಲ. ಏಳೆಂಟು ಸಲ ಹಾರಿ, ಸುಸ್ತಾಗಿ, ಕಂಬಕ್ಕೆ ಒರಗಿ ನಿಂತ.

"ಇನ್ನೊಂದು ಸಲ" ಎಂದೆ.

ನಕ್ಕು, ಚೆಂಡು ನನ್ನ ಕೈಗೆ ಕೊಟ್ಟು, ಮತ್ತೆ ಗೆರೆಯ ಕಡೆ ನಡೆದ.