ಆಲೋಚನೆಗೆ ಹೆಸರಿಟ್ಟ ಇಂಗ್ಲಿಷ್ ಪದಗಳು



ತರಗತಿಯಲ್ಲಿ, ಸಂದರ್ಶನದಲ್ಲಿ, ಅಂಕಪಟ್ಟಿಯ ಷರಾದಲ್ಲಿ ‘ಲಾಜಿಕಲ್’, ‘ಕ್ರಿಟಿಕಲ್’, ‘ಕ್ರಿಯೇಟಿವ್’ ಎಂಬ ಪದಗಳನ್ನು ನೀವು ಮತ್ತೆ ಮತ್ತೆ ಕೇಳುತ್ತೀರಿ. ‘ಇವನ ತಲೆ ಲಾಜಿಕಲ್ ಅಲ್ಲ’ ಎಂಬ ಒಂದು ಮಾತು ಸಾಕು, ಎಷ್ಟೋ ಹುಡುಗರು ಅದನ್ನೇ ನಿಜವೆಂದು ನಂಬಿ ಗಣಿತವನ್ನು ಕೈಬಿಡುತ್ತಾರೆ. ಇಂತಹ ಪದಗಳನ್ನು ಯಾರು, ಯಾವಾಗ, ಯಾವ ಕಾರಣಕ್ಕೆ ಬಳಕೆಗೆ ತಂದರು ಎಂಬುದನ್ನು ತಿಳಿದರೆ ಅವುಗಳ ಭಯ ಕಡಿಮೆಯಾಗುತ್ತದೆ.

ಮೊದಲು ಗ್ರೀಕ್ ಮೂಲದ ಪದಗಳನ್ನು ನೋಡೋಣ. ‘ಸ್ಕೆಪ್ಟಿಕ್’ ಎಂದರೆ ಮೂಲದಲ್ಲಿ ಪರಿಶೀಲಿಸಿ ನೋಡುವವನು. ಇಂದಿನ ಮಾತಿನಲ್ಲಿ ಏನನ್ನೂ ನಂಬದವನು. ‘ಕ್ರಿಟಿಕಲ್’ ಪದದ ಮೂಲಾರ್ಥ ಬೇರ್ಪಡಿಸಿ ನಿರ್ಣಯಿಸುವುದು. ನಮ್ಮಲ್ಲಿ ಹಲವರು ಅದನ್ನು ತಪ್ಪು ಹುಡುಕುವುದು ಎಂದುಕೊಂಡಿದ್ದಾರೆ. ‘ಎಂಪಿರಿಕ್’ ಪದದ ಕಥೆ ಇನ್ನೂ ಸ್ವಾರಸ್ಯಕರ. ಸಿದ್ಧಾಂತಕ್ಕಿಂತ ಅನುಭವವನ್ನೇ ನೆಚ್ಚಿದ ಪ್ರಾಚೀನ ಗ್ರೀಕ್ ವೈದ್ಯರಿಗೆ ಈ ಹೆಸರಿತ್ತು. 17ನೇ ಶತಮಾನದ ಇಂಗ್ಲಿಷಿನಲ್ಲಿ ಅದು ನಕಲಿ ವೈದ್ಯನನ್ನು ಹಳಿಯುವ ಪದವಾಗಿತ್ತು. ಪ್ರಯೋಗಕ್ಕೆ ಮನ್ನಣೆ ಬೆಳೆದಂತೆ ಪದದ ಬೆಲೆಯೂ ಬದಲಾಯಿತು. ಇಂದು ‘ಎಂಪಿರಿಕಲ್’ ಆಧಾರವಿಲ್ಲದ ಸಂಶೋಧನೆಯನ್ನು ವಿಜ್ಞಾನಿಗಳು ಒಪ್ಪುವುದಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 1308ರಲ್ಲಿ ನಿಧನರಾದ ಜಾನ್ ಡನ್ಸ್ ಸ್ಕೋಟಸ್ ಸೂಕ್ಷ್ಮ ತರ್ಕಕ್ಕೆ ಹೆಸರಾದ ಪಂಡಿತರು. 16ನೇ ಶತಮಾನದಲ್ಲಿ ಹೊಸ ವಿದ್ಯೆಯ ಪಕ್ಷದವರು ಅವರ ಅನುಯಾಯಿಗಳನ್ನು ಗೇಲಿ ಮಾಡಿದರು. ಆ ಜಗಳದಲ್ಲಿ ಪಂಡಿತರ ಹೆಸರೇ ‘ಡನ್ಸ್’, ಅಂದರೆ ದಡ್ಡ, ಎಂಬ ಪದವಾಯಿತು. ತರಗತಿಯಲ್ಲಿ ದಡ್ಡನೆಂದು ಕರೆಸಿಕೊಂಡವರು ಇದನ್ನು ನೆನಪಿಡಬೇಕು!

ಗೌರವದಿಂದ ಉಳಿದ ಹೆಸರೂ ಉಂಟು. 9ನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಲ್-ಖ್ವಾರಿಝ್ಮಿ ಭಾರತೀಯ ಅಂಕಿಗಳಿಂದ ಲೆಕ್ಕ ಮಾಡುವ ಕ್ರಮವನ್ನು ವಿವರಿಸಿದರು. 12ನೇ ಶತಮಾನದಲ್ಲಿ ಆ ಲೆಕ್ಕವಿಧಾನ ಲ್ಯಾಟಿನ್ ಭಾಷೆಗೆ ಹೋದಾಗ ಅವರ ಹೆಸರು ‘ಅಲ್ಗೊರಿತ್ಮಿ’ ಆಯಿತು. ಹಂತ ಹಂತವಾಗಿ ಆಲೋಚಿಸುವ ಕ್ರಮಕ್ಕೆ ನಾವಿಂದು ‘ಅಲ್ಗಾರಿದಮ್’ ಎನ್ನುವುದು ಅದರಿಂದಲೇ. ಅವರ ಇನ್ನೊಂದು ಗ್ರಂಥದ ಹೆಸರಿನಲ್ಲಿದ್ದ ‘ಅಲ್-ಜಬ್ರ್’ ನಮ್ಮ ಬೀಜಗಣಿತದ ಇಂಗ್ಲಿಷ್ ಹೆಸರಾದ ‘ಆಲ್ಜಿಬ್ರಾ’ ಆಯಿತು.

ಕೆಲವು ಪದಗಳನ್ನು ಬೇಕೆಂದೇ ರಚಿಸಲಾಯಿತು. ಹುಡುಕದೆ ಇದ್ದುದು ಚುರುಕುಬುದ್ಧಿಯಿಂದ ಕಣ್ಣಿಗೆ ಬೀಳುವುದಕ್ಕೆ ಹೊರೇಸ್ ವಾಲ್ಪೋಲ್ 1754ರ ಪತ್ರವೊಂದರಲ್ಲಿ ‘ಸೆರೆಂಡಿಪಿಟಿ’ ಎಂದರು. ಸೆರೆಂಡಿಪ್ ನಾಡಿನ ಮೂವರು ರಾಜಕುಮಾರರ ಕಥೆ ಅದಕ್ಕೆ ಆಧಾರ. ಸೆರೆಂಡಿಪ್ ಎಂಬುದು ಶ್ರೀಲಂಕಾದ ಹಳೆಯ ಹೆಸರು. ‘ಸೈಂಟಿಸ್ಟ್’ ಪದವನ್ನು ವಿಲಿಯಂ ಹ್ಯೂವೆಲ್ 1833ರಲ್ಲಿ ಸೂಚಿಸಿದರು. ಅಂದರೆ ನ್ಯೂಟನ್ನರನ್ನು ಅವರ ಕಾಲದಲ್ಲಿ ಯಾರೂ ಹಾಗೆ ಕರೆದಿರಲಿಲ್ಲ. 20ನೇ ಶತಮಾನದ ಮಧ್ಯದಲ್ಲಿ ಅಮೆರಿಕದ ಮನೋವಿಜ್ಞಾನಿ ಜೆ. ಪಿ. ಗಿಲ್ಫರ್ಡ್ ಒಂದೇ ಉತ್ತರದತ್ತ ಸಾಗುವ ‘ಕನ್ವರ್ಜೆಂಟ್’ ಮತ್ತು ಹಲವು ಉತ್ತರಗಳನ್ನು ಹುಡುಕುವ ‘ಡೈವರ್ಜೆಂಟ್’ ಆಲೋಚನೆಗಳನ್ನು ಬೇರ್ಪಡಿಸಿದರು. 1967ರಲ್ಲಿ ಮಾಲ್ಟಾ ಮೂಲದ ಎಡ್ವರ್ಡ್ ಡಿ ಬೊನೊ ‘ಲ್ಯಾಟರಲ್ ಥಿಂಕಿಂಗ್’ ಎಂದರು. ಈ ಇಬ್ಬರೂ ಹೇಳಿದ್ದು ಎರಡು ಜಾತಿಯ ಮನುಷ್ಯರ ಬಗ್ಗೆ ಅಲ್ಲ, ಒಬ್ಬನೇ ಮನುಷ್ಯ ಮಾಡಬಲ್ಲ ಎರಡು ಕೆಲಸಗಳ ಬಗ್ಗೆ.

ಕನ್ನಡದಲ್ಲೂ ಇಂತಹ ಬದಲಾವಣೆ ನಡೆದಿದೆ. ಹೊಗೆ ಕಂಡು ಬೆಂಕಿ ಇದೆಯೆಂದು ತಿಳಿಯುವುದು ಭಾರತೀಯ ತರ್ಕಶಾಸ್ತ್ರದಲ್ಲಿ ‘ಅನುಮಾನ’. ಅದು ಜ್ಞಾನದ ಸಾಧನ. ನಮ್ಮ ದಿನನಿತ್ಯದ ಮಾತಿನಲ್ಲಿ ಅದು ಬರೀ ಸಂಶಯ.

ಮಿತ್ರರೇ, ಈ ಚರಿತ್ರೆಯಿಂದ ತಿಳಿಯುವುದಿಷ್ಟೇ: ಒಂದು ಕಾಲದ ಬೈಗುಳ ಇನ್ನೊಂದು ಕಾಲದ ಪ್ರಶಂಸೆಯಾಗುತ್ತದೆ, ಪಂಡಿತನ ಹೆಸರು ದಡ್ಡನ ಹೆಸರಾಗುತ್ತದೆ. ಆದ್ದರಿಂದ ಈ ಪದಗಳನ್ನು ಕಲಿಯಿರಿ, ಉಪಯೋಗಿಸಿರಿ. ಆದರೆ ಅವುಗಳಲ್ಲಿ ಒಂದನ್ನು ನಿಮ್ಮ ಹಣೆಗಾಗಲಿ, ಪಕ್ಕದ ಬೆಂಚಿನ ಗೆಳೆಯನ ಹಣೆಗಾಗಲಿ ಅಂಟಿಸಬೇಡಿ. ಇವು ಮಾಡುವ ಕೆಲಸಗಳ ಹೆಸರುಗಳು. ಮಾಡುತ್ತಾ ಹೋದಂತೆ ಯಾರಿಗೂ ಅಭ್ಯಾಸವಾಗುತ್ತವೆ.