ದಾನಪರಂಪರೆಯಲ್ಲಿ ಒಂದು ಹೊಸ ಘಟ್ಟ: ವಿರಳ ರೋಗಪೀಡಿತ ಮಕ್ಕಳ ತಾಯ್ತಂದೆಗಳ ಸಂಘಟನೆ

ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಶಾಸನಗಳನ್ನು ಅಭ್ಯಸಿಸಿದವರಿಗೆ ಈ ಸೀಮೆಯ ದಾನಪರಂಪರೆಯು ಅಪರಿಚಿತವಲ್ಲ. ದಾನವಿತ್ತವನ ಹೆಸರು, ಬಿರುದು, ಕೊಟ್ಟ ಭೂಮಿಯ ವಿವರ ಇವು ದಾನಶಾಸನಗಳಲ್ಲಿ ದೊರೆಯುತ್ತವೆ. ಕಷ್ಟದಲ್ಲಿದ್ದ ಸಾಮಾನ್ಯನ ಮಾತು ಮಾತ್ರ ಅಲ್ಲಿ ಬಹುಮಟ್ಟಿಗೆ ಕೇಳಿಬರುವುದಿಲ್ಲ. ಆಧುನಿಕ ಕಾಲದಲ್ಲಿ, 1906ರಲ್ಲಿ ಬಾಗಲಕೋಟೆಯಲ್ಲಿ ಸ್ಥಾಪಿತವಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ಶಾಲೆಗಳಿಂದ ತೊಡಗಿ ವೈದ್ಯಕೀಯ ಕಾಲೇಜಿನವರೆಗೆ ಬೆಳೆದು, ದಾನವನ್ನು ಸಾರ್ವಜನಿಕ ಸಂಸ್ಥೆಯ ರೂಪಕ್ಕೆ ತಂದಿತು. ಆದರೆ ನೆರವು ಬೇಕಾದವರೇ ಸಂಸ್ಥೆಯನ್ನು ಕಟ್ಟಿ, ಸಂಶೋಧನೆಗೂ ಸರ್ಕಾರದ ನೀತಿಗೂ ಪ್ರೇರಕರಾಗುವುದು ಇದಕ್ಕಿಂತ ಭಿನ್ನವಾದ ಘಟ್ಟ. ಮಕ್ಕಳ ವಿರಳ ಚಯಾಪಚಯ ರೋಗಗಳ ಇತಿಹಾಸದಲ್ಲಿ ಆ ಘಟ್ಟವನ್ನು ಇಲ್ಲಿ ಗುರುತಿಸಲು ಯತ್ನಿಸಿದ್ದೇವೆ.

ಉಂಡ ಅನ್ನವನ್ನು ದೇಹವು ಒಡೆದು, ಬಳಸಿ, ಶೇಖರಿಸುವ ಕಾರ್ಯಕ್ಕೆ ಕಿಣ್ವಗಳು ಬೇಕು. ಹುಟ್ಟಿನಿಂದಲೇ ಒಂದು ಕಿಣ್ವವು ಕೊರೆಯಾದರೆ ಯಾವುದೋ ಒಂದು ದ್ರವ್ಯವು ಜೀವಕೋಶಗಳಲ್ಲಿ ಸಂಚಯವಾಗಿ ಅಂಗಾಂಗಗಳನ್ನು ಕೆಡಿಸುತ್ತದೆ. 1932ರಲ್ಲಿ ಡಚ್ ವೈದ್ಯ ಪಾಂಪೆ ವರ್ಣಿಸಿದ ರೋಗದಲ್ಲಿ ಹೀಗೆ ಗ್ಲೈಕೋಜನ್ ತುಂಬಿಕೊಂಡು ಸ್ನಾಯುಗಳೂ ಉಸಿರಾಟವೂ ದುರ್ಬಲವಾಗುತ್ತವೆ. ಇಂತಹ ರೋಗಿಗಳು ಒಂದೊಂದು ಊರಿನಲ್ಲಿ ಒಬ್ಬರೂ ಸಿಗುವುದು ಅಪರೂಪ. ಆದುದರಿಂದ ವೈದ್ಯನಿಗೆ ಅನುಭವವಿಲ್ಲ, ಔಷಧ ತಯಾರಕನಿಗೆ ಲಾಭವಿಲ್ಲ, ಸಂಶೋಧಕನಿಗೆ ರೋಗಿಗಳ ಪಟ್ಟಿಯೇ ಇಲ್ಲ.

ಈ ಕೊರತೆಯನ್ನು ತುಂಬಿದವರು ಬಹುಮಟ್ಟಿಗೆ ತಾಯ್ತಂದೆಗಳು. 1934ರಲ್ಲಿ ನಾರ್ವೆಯ ಫೋಲಿಂಗ್ ಎಂಬ ವೈದ್ಯನು ಫೀನೈಲ್‌ಕೀಟೋನೂರಿಯವನ್ನು ಕಂಡುಹಿಡಿದನೆಂದು ಗ್ರಂಥಗಳು ಹೇಳುತ್ತವೆ. ತನ್ನ ಎರಡು ಮಕ್ಕಳ ಬುದ್ಧಿಮಾಂದ್ಯಕ್ಕೆ ಕಾರಣವನ್ನು ಹುಡುಕುತ್ತ ಅವನ ಬಳಿಗೆ ಬಂದ ತಾಯಿಯ ಹಟವು ಆ ಶೋಧಕ್ಕೆ ಮೂಲವಾಗಿದ್ದಿತು. 1960ರ ದಶಕದ ಆರಂಭದಲ್ಲಿ ಶಿಶುವಿನ ಹಿಮ್ಮಡಿಯ ರಕ್ತದ ತೊಟ್ಟಿನಿಂದ ಆ ರೋಗವನ್ನು ಪತ್ತೆಹಚ್ಚುವ ಪರೀಕ್ಷೆಯನ್ನು ರೂಪಿಸಿದ ಅಮೆರಿಕದ ಗತ್ರಿಯವರ ಸೋದರ ಸಂಬಂಧದ ಮಗುವಿಗೂ ಅದೇ ರೋಗವಿದ್ದಿತು. 1981ರಲ್ಲಿ ಇಂಗ್ಲೆಂಡಿನಲ್ಲಿ ಮಕ್ಕಳ ಚಯಾಪಚಯ ರೋಗಗಳ ಸಂಶೋಧನೆಗೆಂದೇ ತಾಯ್ತಂದೆಗಳು ಒಂದು ಧರ್ಮನಿಧಿಯನ್ನು ಸ್ಥಾಪಿಸಿದರು.

ಕರ್ನಾಟಕದಲ್ಲಿ ಈ ಬಗೆಯ ಪ್ರಯತ್ನಕ್ಕೆ ಮುಖ್ಯ ನಿದರ್ಶನವೆಂದರೆ ಬೆಂಗಳೂರಿನ ಭಾರತೀಯ ವಿರಳ ರೋಗಗಳ ಸಂಘಟನೆ, ಅಂದರೆ ಓ.ಆರ್.ಡಿ.ಐ. ಇದರ ಸಂಸ್ಥಾಪಕರಲ್ಲಿ ಒಬ್ಬರಾದ ಪ್ರಸನ್ನ ಶಿರೋಳರ ಪುತ್ರಿಗೆ ಪಾಂಪೆ ರೋಗವಿರುವುದು ಹಲವು ವರ್ಷಗಳ ಅಲೆದಾಟದ ತರುವಾಯ ಗೊತ್ತಾಯಿತು. ಮತ್ತೊಬ್ಬ ಸಂಸ್ಥಾಪಕ, ವಿಜ್ಞಾನಿ ಹರ್ಷ ರಾಜಸಿಂಹರು ಆನುವಂಶಿಕ ದೋಷದಿಂದ ಶಿಶುವನ್ನು ಕಳೆದುಕೊಂಡವರು. ಇಬ್ಬರ ಮನೆಯ ದುಃಖವೂ ಹೀಗೆ ಸಾರ್ವಜನಿಕ ಕಾರ್ಯವಾಗಿ ಮಾರ್ಪಟ್ಟಿತು. ಸುಮಾರು 7,000 ವಿರಳ ರೋಗಗಳನ್ನು ಜನರ ಗಮನಕ್ಕೆ ತರಲು ಸಂಸ್ಥೆಯು 2016ರಿಂದ 7 ಕಿಲೋಮೀಟರಿನ ಓಟವನ್ನು ಏರ್ಪಡಿಸತೊಡಗಿತು. ಶಿರೋಳರ ಪುತ್ರಿ 2023ರಲ್ಲಿ ತೀರಿಕೊಂಡರು. ತಂದೆಯ ಕಾರ್ಯವು ಅಲ್ಲಿಗೆ ನಿಲ್ಲಲಿಲ್ಲ.

ಇಂತಹ ತಾಯ್ತಂದೆಗಳು ನ್ಯಾಯಾಲಯದ ಬಾಗಿಲನ್ನೂ ತಟ್ಟಿದರು. ಗೋಶೆ ರೋಗದಿಂದ ನರಳುತ್ತಿದ್ದ ರಿಕ್ಷಾ ಎಳೆಯುವವನೊಬ್ಬನ ಮಗನಿಗೆ ಉಚಿತ ಚಿಕಿತ್ಸೆ ಕೊಡಬೇಕೆಂದು ದೆಹಲಿಯ ಉಚ್ಚ ನ್ಯಾಯಾಲಯವು 2014ರ ಏಪ್ರಿಲಿನಲ್ಲಿ ಆಜ್ಞಾಪಿಸಿತು. 2017ರಲ್ಲಿ ಸಿದ್ಧವಾದ ರಾಷ್ಟ್ರೀಯ ನೀತಿಯು ಜಾರಿಗೆ ಬರದೆ ನಿಂತು, 2021ರಲ್ಲಿ ಹೊಸ ನೀತಿ ಹೊರಟಿತು. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯೊಡನೆ ಅದರ ಉತ್ಕೃಷ್ಟತಾ ಕೇಂದ್ರಗಳಲ್ಲೊಂದಾಯಿತು. 2022ರಲ್ಲಿ ರೋಗಿಯೊಬ್ಬನಿಗೆ ದೊರೆಯುವ ನೆರವಿನ ಮಿತಿಯನ್ನು 50 ಲಕ್ಷ ರೂಪಾಯಿಗೆ ಏರಿಸಲಾಯಿತು. ಆದರೆ ಕಿಣ್ವಚಿಕಿತ್ಸೆಯು ಜೀವನಪರ್ಯಂತ ನಡೆಯಬೇಕಾದುದು. ಮಗುವಿನ ತೂಕ ಹೆಚ್ಚಿದಂತೆ ಔಷಧದ ಪ್ರಮಾಣವೂ ವೆಚ್ಚವೂ ಹೆಚ್ಚುತ್ತವೆ. ಹಣ ಮುಗಿದ ದಿನ ಚಿಕಿತ್ಸೆಯ ಗತಿಯೇನು ಎಂಬ ಪ್ರಶ್ನೆಗೆ ಆ ಮಿತಿಯಲ್ಲಿ ಉತ್ತರವಿಲ್ಲ.

ಈ ಪ್ರಶ್ನೆಯು ಬಾಗಲಕೋಟೆ, ಹುನಗುಂದ, ಇಳಕಲ್ಲುಗಳಿಗೆ ದೂರದ್ದಲ್ಲ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮ ನಾಡಿನಲ್ಲಿ ಹಳೆಯ ರೂಢಿ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾಯರೂ ಸಹೋದ್ಯೋಗಿಗಳೂ ಬೆಂಗಳೂರು ಮೈಸೂರುಗಳಲ್ಲಿ ಲಕ್ಷಕ್ಕೆ ಮೇಲ್ಪಟ್ಟ ಜನನಗಳನ್ನು ಕುರಿತು ಮಾಹಿತಿ ಸಂಗ್ರಹಿಸಿದಾಗ, ಸುಮಾರು ಮೂರರಲ್ಲಿ ಒಂದು ದಾಂಪತ್ಯವು ರಕ್ತಸಂಬಂಧದ್ದೆಂದು ತಿಳಿದುಬಂದಿತು. ತಾಯ್ತಂದೆಗಳಿಬ್ಬರೂ ಒಂದೇ ದೋಷಯುಕ್ತ ವಂಶವಾಹಿಯನ್ನು ಹೊತ್ತಿದ್ದರೆ, ಪ್ರತಿಯೊಂದು ಬಸಿರಿನಲ್ಲಿಯೂ ರೋಗದ ಸಂಭವವು ನಾಲ್ಕರಲ್ಲಿ ಒಂದು. ಸಂಬಂಧಿಕರಲ್ಲಿ ಇಂತಹ ಕೂಟವು ಹೆಚ್ಚು ಸಂಭವನೀಯ. ಇದರಲ್ಲಿ ತಾಯಿಯ ತಪ್ಪಾಗಲಿ ಮನೆತನದ ಪಾಪವಾಗಲಿ ಇಲ್ಲ; ಸಂಬಂಧಿಕರಲ್ಲದವರ ಮಕ್ಕಳಿಗೂ ಈ ರೋಗಗಳು ಬರುತ್ತವೆ. ಆದರೆ ಇಳಕಲ್ಲಿನ ನೇಕಾರನೊಬ್ಬನು ಮಗುವನ್ನೆತ್ತಿಕೊಂಡು ಬೆಂಗಳೂರಿಗೆ ಹೋಗಬೇಕಾದರೆ ಅವನ ಮಗ್ಗವು ಅಷ್ಟು ದಿನ ನಿಲ್ಲುತ್ತದೆ ಎಂಬುದನ್ನು ನಾವು ಮರೆಯಬಾರದು.

ಹುನಗುಂದ ಸೀಮೆಯ ಐಹೊಳೆಯ ಹೆಸರನ್ನು ಹೊತ್ತ ಐನೂರ್ವರ ವರ್ತಕಸಂಘವು ದಕ್ಷಿಣಾಪಥದಲ್ಲೆಲ್ಲ ಚದುರಿದ್ದ ವ್ಯಾಪಾರಿಗಳನ್ನು ಒಂದು ಹೆಸರಿನಡಿಯಲ್ಲಿ ಕೂಡಿಸಿದ್ದಿತು. ಅವರನ್ನು ಕೂಡಿಸಿದುದು ವ್ಯಾಪಾರ, ಇವರನ್ನು ಕೂಡಿಸಿದುದು ಸಂಕಟ. ಆದರೂ ಚದುರಿದವರು ಒಂದು ಸಂಘವಾದಾಗಲೇ ಅರಸರೂ ಕಿವಿಗೊಡುತ್ತಾರೆಂಬ ತತ್ತ್ವವು ಎರಡಕ್ಕೂ ಸಮಾನ. ಹಿಂದೆ ದಾನಿಯ ಹೆಸರು ಕಲ್ಲಿನಲ್ಲಿ ಉಳಿಯಿತು. ಈಗ ರೋಗದ ಹೆಸರೇ ತಿಳಿಯದೆ ತೀರಿಕೊಳ್ಳುವ ಮಕ್ಕಳ ವಿವರಗಳು ದಾಖಲೆಯಾಗಬೇಕು. ಆ ದಾಖಲೆಯೇ ಸಂಶೋಧನೆಯ ಮೊದಲ ಸಾಮಗ್ರಿ. ಈ ಸೀಮೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ಇದನ್ನು ತಮ್ಮ ಅಧ್ಯಯನದ ವಿಷಯವೆಂದು ಎಣಿಸುವರೆಂದು ನಾವು ಆಶಿಸುತ್ತೇವೆ.